ಒಲೆಯ ಮೇಲಿನ ಚೀಟಿ

ನನ್ನ ಎಡಗಿವಿ ಕೇಳುವುದಿಲ್ಲ. ಕುರುಗೋಡಿನ ಕಲ್ಲು ಕ್ವಾರಿಯಲ್ಲಿ ನನ್ನ ಹೆಂಡತಿಯ ಅಣ್ಣ ಕೊಟ್ಟ ಒಂದೇ ಏಟಿಗೆ ಅದರ ತಮಟೆ ಹರಿಯಿತು. ಯಾರಾದರೂ ಕೇಳಿದರೆ ಬಹಳ ವರ್ಷ ‘ಸಣ್ಣವನಿದ್ದಾಗ ಜ್ವರ ಬಂದು ಹೋಯಿತು’ ಎನ್ನುತ್ತಿದ್ದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಈ ಬರಹವೂ ನಾನು ಒಂದು ಜನವರಿ ಒಂದನೇ ತಾರೀಖು, ಗುಡಿಯ ಅಂಗಳದಲ್ಲಿ ನಿಂತು ಹೇಳಿದ ಸುಳ್ಳಿನ ಬಗ್ಗೆಯೇ. ನಾವು ಕ್ರೈಸ್ತರು, ನಮ್ಮ ಪ್ರಾರ್ಥನಾ ಮಂದಿರವನ್ನು ನಾವೂ ಗುಡಿ ಎಂದೇ ಕರೆಯುತ್ತಿದ್ದೆವು.

ಹುಟ್ಟಿದ್ದು ಬಳ್ಳಾರಿಯಲ್ಲಿ. ಅಪ್ಪ ಜಟಕಾ ಹೊಡೆಯುತ್ತಿದ್ದ. ಕುದುರೆಗೆ ಬೀಳುತ್ತಿದ್ದ ಚಾವಟಿಯೇ ನನಗೂ ಬೀಳುತ್ತಿತ್ತು. ಆದರೆ ಕುದುರೆಗೆ ಹುಲ್ಲಾದರೂ ನನಗಿಂತ ಮೊದಲು ಸಿಗುತ್ತಿತ್ತು. ಏಟು ತಿಂದವನು ಏಟು ಕೊಡಬಾರದು ಎಂದು ಕಲಿಯುತ್ತಾನೆ ಅಂತ ಕೆಲವರು ಹೇಳುತ್ತಾರೆ. ನಾನು ಕಲಿತದ್ದು ಚಾವಟಿಯ ಹಿಡಿ ಯಾವ ಕಡೆ ಇರುತ್ತದೆ ಎಂಬುದನ್ನು ಮಾತ್ರ. ಅರವತ್ತರ ದಶಕದ ಕೊನೆಗೆ ಸಿರುಗುಪ್ಪದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾದಾಗ ಆ ಹಿಡಿ ಬೆತ್ತದ ರೂಪದಲ್ಲಿ ನನ್ನ ಕೈಗೆ ಬಂತು. ಕರೂರು, ರಾರಾವಿ ಕಡೆಯಿಂದ ನಡೆದು ಬರುವ ಮಕ್ಕಳು ನನ್ನ ಕೆಮ್ಮು ಕೇಳಿದರೆ ಸಾಕು, ಅಂಗೈಯನ್ನು ಚಡ್ಡಿಗೆ ಉಜ್ಜಿಕೊಳ್ಳುತ್ತಿದ್ದರು. ಅವರ ಅಪ್ಪಂದಿರು ನನಗೆ ಕೈ ಮುಗಿಯುತ್ತಿದ್ದರು. ‘ಚಂದಾಗಿ ಬಡೀತಾರ, ಚಂದಾಗಿ ಕಲಿಸ್ತಾರ’ ಎಂದು ನನಗೆ ಹೆಸರಿತ್ತು.

ಮದುವೆಯಾದದ್ದು ಕುರುಗೋಡಿನ ಹುಡುಗಿಯನ್ನು. ಅವರದೂ ನಮ್ಮ ಸಭೆಯ ಮನೆತನವೇ, ಕಲ್ಲು ಒಡೆಯುವ ಕೆಲಸ. ಅವಳಿಗಾಗಲಿ ಅವಳ ಅಣ್ಣನಿಗಾಗಲಿ ಓದು ಬರುತ್ತಿರಲಿಲ್ಲ. ಮದುವೆ ಮಾಡಿಸಿದ ಪಾದ್ರಿಗಳು, ನಾವು ಅಯ್ನೋರು ಎನ್ನುತ್ತಿದ್ದೆವು, ಉಂಗುರ ಹಾಕಿಸುವ ಮೊದಲೇ ನನ್ನಿಂದ ಒಂದು ಮಾತು ತೆಗೆದುಕೊಂಡರು: ಒಂದು ವರ್ಷದೊಳಗೆ ಇವಳಿಗೆ ಅಕ್ಷರ ಕಲಿಸಬೇಕು. ಇಡೀ ಊರಿಗೆ ಕಲಿಸುವವನಿಗೆ ಇದೇನು ಮಹಾ ಎಂದು ಒಪ್ಪಿದೆ.

ಹತ್ತು ದಿನ ಕಲಿಸಿದೆ. ಸ್ವರಗಳು ಮುಗಿದವು. ಕ, ಖ, ಗ ಬಂದವು. ಹನ್ನೊಂದನೆಯ ದಿನ ‘ಘ’ ಬರೆಯುವಾಗ ಅವಳ ಗೆರೆ ತಪ್ಪಿತು. ಪಾಟಿಯನ್ನು ಕಿತ್ತುಕೊಂಡು ಅವಳ ತಲೆಯ ಮೇಲೇ ಒಡೆದೆ. ಕಲ್ಲು ಚೂರಾಗಿ ಬಿತ್ತು, ಮರದ ಚೌಕಟ್ಟು ಮಾತ್ರ ಅವಳ ಕೊರಳಿನಲ್ಲಿ ಸಿಕ್ಕಿಕೊಂಡಿತು. ಹಣೆಯಿಂದ ರಕ್ತ ಇಳಿಯುತ್ತಿತ್ತು. ನಾನು ನಕ್ಕೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ಮುಖಕ್ಕೆ ನಾನೇ ಉಗುಳಬೇಕೆನಿಸುತ್ತದೆ, ಆದರೆ ಆಗ ನಕ್ಕದ್ದು ನಿಜ.

“ಕಲ್ಲು ಒಡಿಯೋರ ಮಗಳು. ತಲೀನೂ ಕಲ್ಲು,” ಎಂದೆ. ಅಲ್ಲಿಗೆ ಪಾಠ ನಿಂತಿತು. ಬೆಳಗಿನ ಹೊತ್ತು ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಮನೆಪಾಠ ನಡೆಯುತ್ತಿತ್ತು. ಅವರು ಕೂಗಿ ಕೂಗಿ ಕಾಗುಣಿತ ಹೇಳುವಾಗ ಅವಳು ಗೋಡೆಯ ಆಚೆ ರೊಟ್ಟಿ ಬಡಿಯುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ.

ನಮ್ಮ ಸಭೆಯಲ್ಲಿ ಹೊಸ ವರ್ಷದ ಬೆಳಿಗ್ಗೆ ಒಂದು ಪದ್ಧತಿ ಇತ್ತು. ಅಯ್ನೋರು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಚೀಟಿ ಮಾಡಿ, ಹಿಂದಿನ ಖಾಲಿ ಬದಿಯಲ್ಲಿ ಕೆಂಪು ಶಾಯಿಯಿಂದ ದೇವರ ವಾಗ್ದಾನಗಳನ್ನು ತಮ್ಮದೇ ಮಾತಿನಲ್ಲಿ ಚಿಕ್ಕದಾಗಿ ಬರೆದು, ಸುರುಳಿ ಸುತ್ತಿ ಹಿತ್ತಾಳೆಯ ಚೆಂಬಿಗೆ ಹಾಕುತ್ತಿದ್ದರು. ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೂ ಕೈ ಹಾಕಿ ಒಂದೊಂದು ಎತ್ತಬೇಕು. ಬಂದದ್ದು ಆ ವರ್ಷ ಪೂರ್ತಿ ನಿಮ್ಮದು. ಅನ್ನ ಮೆತ್ತಿ ಮನೆಯ ಗೋಡೆಗೆ ಅಂಟಿಸುತ್ತಿದ್ದರು. ಓದು ಬಾರದವರೇ ಹೆಚ್ಚಿದ್ದರಿಂದ ಎಲ್ಲರೂ ಚೀಟಿ ಹಿಡಿದು ಅಂಗಳದ ಬೇವಿನ ಮರದ ಕೆಳಗೆ ನನ್ನನ್ನು ಮುತ್ತುತ್ತಿದ್ದರು. “ನಂದು ಓದ್ರೀ ಮಾಸ್ತರ, ನಂಗೇನ್ ಬಂದೈತಿ?” ನಾನು ಓದಿದ್ದನ್ನು ಅವರು ವರ್ಷಪೂರ್ತಿ ನಂಬುತ್ತಿದ್ದರು. ಮೂರು ವರ್ಷ ಒಂದು ಅಕ್ಷರವನ್ನೂ ತಪ್ಪಿ ಓದಿರಲಿಲ್ಲ.

ಮೂರನೆಯ ವರ್ಷದ ಕೊನೆಯ ದಿನ ಅವಳು ಮನೆಗೆ ಸುಣ್ಣ ಬಳಿಯುತ್ತಿದ್ದಳು. ಹೊಸ ವರ್ಷಕ್ಕೆಂದು ತೊಳೆದು ನೇತುಹಾಕಿದ್ದ ನನ್ನ ಕೋಟಿನ ಮೇಲೆ ನಾಲ್ಕು ಹನಿ ಸಿಡಿದವು. ನಾಲ್ಕೇ ಹನಿ. ಕುಂಚವನ್ನು ಅವಳ ಕೈಯಿಂದ ಕಸಿದು ಮುಖಕ್ಕೆ ಬಾರಿಸಿದೆ. ಹಸಿ ಸುಣ್ಣ ಕಣ್ಣಿಗೆ ಹೋಯಿತು. ಅವಳು ಕಿರುಚುತ್ತ ನೀರಿನ ಹಂಡೆಯ ಕಡೆ ತಡಕಾಡಿಕೊಂಡು ಹೋದಳು. ಹೋಗುವ ದಾರಿಯಲ್ಲಿ ಬೆನ್ನಿಗೆ ಮತ್ತೊಂದು ಒದ್ದೆ, ಹಬ್ಬದ ಮನೆಯಲ್ಲಿ ಕಿರುಚಿದ್ದಕ್ಕೆ. ಆಮೇಲೆ ಅದೇ ಕೋಟನ್ನು ಒರೆಸಿ, ನಾಳೆಯಿಂದ ಕೈ ಎತ್ತುವುದಿಲ್ಲ ಎಂದು ಮಂಡಿಯೂರಿ ದೇವರಿಗೆ ಶಪಥ ಮಾಡಿದೆ. ಪ್ರತಿ ವರ್ಷವೂ ಮಾಡುತ್ತಿದ್ದೆ. ನನ್ನ ಶಪಥಕ್ಕೆ ಸಂಕ್ರಾಂತಿ ದಾಟುವಷ್ಟು ಆಯುಷ್ಯವಿರಲಿಲ್ಲ.

ಮರುದಿನ ಬೇವಿನ ಮರದ ಕೆಳಗೆ ಅವಳೂ ಸಾಲಿನಲ್ಲಿ ಬಂದಳು. ಒಂದು ಕಣ್ಣು ಊದಿ ಮುಚ್ಚಿತ್ತು, ನೀರು ಸುರಿಯುತ್ತಲೇ ಇತ್ತು. ಸೆರಗು ಹಣೆಯವರೆಗೆ ಎಳೆದುಕೊಂಡಿದ್ದಳು. “ನನಗ ಏನ್ ಬಂದೈತ್ರಿ?” ಎಂದು ಚೀಟಿ ಚಾಚಿದಳು.

ಬಿಡಿಸಿದೆ. ಕೆಂಪು ಅಕ್ಷರಗಳು: ನಿನ್ನ ಕಣ್ಣೀರು ನಾನು ನೋಡಿದೆ. ಎದ್ದು ನಿಲ್ಲು.

ಸುತ್ತ ಇಪ್ಪತ್ತು ಜನ ಬಾಯಿ ಬಿಟ್ಟು ಕಾಯುತ್ತಿದ್ದರು. ಇಪ್ಪತ್ತು ಜನರೂ ಅವಳ ಕಣ್ಣನ್ನು ನೋಡಿದ್ದರು. ನನಗೆ ಬಂದದ್ದು ನಾಚಿಕೆ ಎಂದುಕೊಳ್ಳಬೇಡಿ, ಅದು ಸಿಟ್ಟು. ಚೀಟಿಗಳ ರಾಶಿಯಲ್ಲಿ ದೇವರು ನನ್ನ ಮಾನ ಕಳೆಯಲು ಇದನ್ನೇ ಹುಡುಕಿ ಕೊಟ್ಟನಲ್ಲ ಎಂಬ ಸಿಟ್ಟು.

“ಗಂಡನಿಗೆ ತಗ್ಗಿ ನಡೆ,” ಎಂದು ಓದಿದೆ.

ಹೆಂಗಸರು ತಲೆಯಾಡಿಸಿದರು. ಅವಳು ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡು ಮನೆಗೆ ತಂದು ಒಲೆಯ ಮೇಲಿನ ಗೋಡೆಗೆ, ಹೊಸ ಸುಣ್ಣದ ಮೇಲೆ ಅಂಟಿಸಿದಳು. ನನಗೆ ಬಂದ ಚೀಟಿಯಲ್ಲಿ ‘ಹೊಸ ಮನಸ್ಸನ್ನು ನಾನೇ ಕೊಡುತ್ತೇನೆ’ ಎಂದಿತ್ತು. ಅದನ್ನು ಕೋಟಿನ ಜೇಬಿಗೆ ಹಾಕಿ ಮರೆತೆ.

ಅಡುಗೆಮನೆಗೆ ಓದು ಬಲ್ಲವರು ಯಾರೂ ಬರುತ್ತಿರಲಿಲ್ಲ. ಬರುತ್ತಿದ್ದ ಅಕ್ಕಪಕ್ಕದ ಹೆಂಗಸರಿಗೆ ಅಕ್ಷರ ಗೊತ್ತಿರಲಿಲ್ಲ. ಆದರೂ ಊಟಕ್ಕೆ ಕೂತಾಗಲೆಲ್ಲ ಆ ಕೆಂಪು ಶಾಯಿ ಕಣ್ಣಿಗೆ ಬೀಳುತ್ತಿತ್ತು. ಕಿತ್ತು ಒಲೆಗೆ ಹಾಕೋಣವೆಂದರೆ ದೇವರ ಮಾತನ್ನು ಸುಡುವ ಧೈರ್ಯವಿಲ್ಲ. ಬೇರೆಯಾಗಿ ಓದುವ ಧೈರ್ಯವಿತ್ತು, ಸುಡುವ ಧೈರ್ಯವಿರಲಿಲ್ಲ, ನೋಡಿ ನನ್ನ ಭಕ್ತಿ! ಯಾರಾದರೂ ಓದಿಬಿಟ್ಟರೆ ಎಂಬ ಹೆದರಿಕೆಗೆ ಆ ವರ್ಷ ನನ್ನ ಕೈ ಇನ್ನಷ್ಟು ಬೇಗ ಏಳುತ್ತಿತ್ತು. ಶಾಲೆಯಲ್ಲಿ ಎರಡು ಬೆತ್ತ ಮುರಿದವು.

ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿದ್ದ ಕಾಲ. ಒಂದು ಸಂಜೆ ಶಾಲೆಯಿಂದ ಬಂದಾಗ ಅವಳು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕೈಯಲ್ಲಿ ಇದ್ದಿಲು. ಗೋಡೆಯ ಕೆಳಭಾಗದ ತುಂಬ ಅಕ್ಷರಗಳು, ಸೊಟ್ಟಗೆ, ಒಂದರ ಮೇಲೊಂದು. ನನ್ನನ್ನು ಕಂಡು ಹೆದರಿ ಎದ್ದಳು, ಆದರೆ ಅವಳ ಮುಖದಲ್ಲಿ ಹೆದರಿಕೆಗಿಂತ ದೊಡ್ಡದಾದ ಒಂದು ಆಸೆ ಇತ್ತು.

“ಸಿಟ್ಟಾಗಬ್ಯಾಡ್ರಿ. ಒಂದs ಮಾತು ಕೇಳ್ತೀನಿ,” ಎಂದಳು. “ಗಂಡ ಅಂದ್ರ ಮೊದಲು ‘ಗ’ ಬರಬೇಕಲ್ರಿ? ನೀವು ಕಲಿಸಿದ ‘ಗ’ ನನಗ ಗೊತ್ತೈತಿ. ಈ ಚೀಟ್ಯಾಗ ಎಲ್ಲಿ ಹುಡುಕಿದ್ರೂ ‘ಗ’ ಸಿಗವಲ್ದು.”

ಒಲೆಯ ಪಕ್ಕದಲ್ಲಿ ಕಬ್ಬಿಣದ ಊದುಗೊಳವೆ ಇತ್ತು.

ಎಷ್ಟು ಹೊಡೆದೆ ಎಂದು ಬರೆಯಲು ನನ್ನಿಂದಾಗದು, ಲೆಕ್ಕವಿರಲಿಲ್ಲ. ತಲೆ ಕಾಯಲು ಅವಳು ಎಡಗೈ ಅಡ್ಡ ಹಿಡಿದಳು. ಮೂರನೆಯದೋ ನಾಲ್ಕನೆಯದೋ ಏಟಿಗೆ ಆ ಕೈ ಒಣ ಕಟ್ಟಿಗೆಯ ಸದ್ದು ಮಾಡಿತು. ಆಗಲೂ ನಿಲ್ಲಿಸಲಿಲ್ಲ. “ದಡ್ಡಿ, ದಡ್ಡಿ, ನಿನಗ್ಯಾಕಲೇ ಅಕ್ಷರ?” ಎಂದು ಒಂದೊಂದು ಏಟಿಗೂ ಕೂಗುತ್ತಿದ್ದೆ. ಅವಳು ನೆಲಕ್ಕೆ ಬಿದ್ದಮೇಲೆ ಒದ್ದೆಬಟ್ಟೆ ತಂದು ಗೋಡೆಯ ಇದ್ದಿಲಕ್ಷರಗಳನ್ನು ಒರೆಸಿದೆ. ಮೊದಲು ಗೋಡೆ ಒರೆಸಿದೆ, ಆಮೇಲೆ ಅವಳ ಮುಖ. ಆ ಅನುಕ್ರಮವೇ ಇವತ್ತಿಗೂ ನನ್ನನ್ನು ಸುಡುತ್ತದೆ.

ಮರುದಿನ ನಾನು ಶಾಲೆಯಲ್ಲಿದ್ದಾಗ ಅವಳು ಕೈಗೆ ಸೀರೆಯ ತುಂಡು ಸುತ್ತಿಕೊಂಡು ಬಳ್ಳಾರಿ ಬಸ್ಸು ಹತ್ತಿ, ಅಲ್ಲಿಂದ ಕುರುಗೋಡಿಗೆ ಹೋದಳು. ಮನೆಗೆ ಬಂದರೆ ಒಲೆ ಆರಿತ್ತು. ಅದರ ಮೇಲೆ ಚೀಟಿ ಇರಲಿಲ್ಲ. ಸುಣ್ಣವನ್ನೂ ಕಿತ್ತುಕೊಂಡು ಹೋಗಿತ್ತು, ಚೀಟಿಯಷ್ಟಗಲ ಮಣ್ಣಗೋಡೆ ಕಾಣುತ್ತಿತ್ತು.

ಎರಡು ತಿಂಗಳು ಬಿಗಿದುಕೊಂಡು ಕೂತೆ. ತಾನಾಗಿ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಊರಿನ ಬಾಯಿ ಮುಚ್ಚಿಸಲು ದಸರೆ ರಜೆಯಲ್ಲಿ ನಾನೇ ಕುರುಗೋಡಿಗೆ ಹೋದೆ. ಅವಳ ಅಣ್ಣ ಕ್ವಾರಿಯಲ್ಲಿದ್ದ. ಬಂಡೆಯಂಥ ಮನುಷ್ಯ, ಮಾತು ಕಡಿಮೆ. ನನ್ನನ್ನು ನೋಡಿ ಉಳಿ ಕೆಳಗಿಟ್ಟ. “ಹೆಂಡತೀನ ಕಳಿಸಿಕೊಡು” ಎನ್ನುವಷ್ಟರಲ್ಲಿ ಅಂಗೈ ನನ್ನ ಎಡಗಿವಿಯ ಮೇಲೆ ಬಿತ್ತು. ತಲೆಯೊಳಗೆ ಏನೋ ಸಿಡಿಯಿತು. ಜಲ್ಲಿಯ ರಾಶಿಯ ಮೇಲೆ ಬಿದ್ದೆ. ಎದೆಗೆ, ಪಕ್ಕೆಗೆ ಒದ್ದ. ಬಾಯಲ್ಲಿ ಕಲ್ಲುಪುಡಿ, ರಕ್ತ. ಒಂದು ಕಾಲನ್ನು ನನ್ನ ಕೊರಳಿನ ಮೇಲಿಟ್ಟು ಸುತ್ತಿಗೆ ಎತ್ತಿದ. ಬಂಡೆ ಸೀಳುವ ಸುತ್ತಿಗೆ ಅದು. ಸುತ್ತ ಕೆಲಸದವರು ನಿಂತು ನೋಡುತ್ತಿದ್ದರು, ಒಬ್ಬನೂ ಬಿಡಿಸಲಿಲ್ಲ. ನಾನಾದರೂ ಬಿಡಿಸುತ್ತಿರಲಿಲ್ಲ.

“ತಡಿ ಅಣ್ಣಾ,” ಎಂಬ ಅವಳ ದನಿ ಬಲಗಿವಿಗೆ ಕೇಳಿಸಿತು. ಕೈಗೆ ಬಿದಿರಿನ ದಬ್ಬೆ ಕಟ್ಟಿತ್ತು. ಇನ್ನೊಂದು ಕೈಯಲ್ಲಿ ಆ ಚೀಟಿ. “ಇವರು ಇದನ್ನೊಂದು ಓದಲಿ. ಆಮ್ಯಾಲ ನೀ ಏನರ ಮಾಡು.”

“ಓದಲೇ ಮಾಸ್ತರ,” ಎಂದ ಅಣ್ಣ. “ಒಂದಕ್ಷರ ಸುಳ್ಳಾತಂದ್ರ ನಿನ್ನ ಬುರುಡಿ ಇಲ್ಲೇ ಜಲ್ಲಿ ಮಾಡ್ತೀನಿ.”

ಅವಳು ಚೀಟಿಯನ್ನು ನನ್ನ ಮುಖದ ಮುಂದೆ ಹಿಡಿದಳು. ನಿಜ ಓದಿದರೆ ಹತ್ತು ತಿಂಗಳ ಮೋಸ ಹೊರಬೀಳುತ್ತದೆ, ಸುತ್ತಿಗೆ ಇಳಿಯುತ್ತದೆ. ಸುಳ್ಳು ಓದಿದರೆ ಹಿಡಿಯುವವರು ಯಾರೂ ಇಲ್ಲ, ಅಣ್ಣ-ತಂಗಿ ಇಬ್ಬರೂ ನಿರಕ್ಷರಿಗಳು. ಸಾವು ಎದೆಯ ಮೇಲೆ ಕೂತಾಗಲೂ ನನ್ನ ಬುದ್ಧಿ ಎಷ್ಟು ಚೆನ್ನಾಗಿ ಓಡಿತು ನೋಡಿ.

“ಗಂಡನಿಗೆ... ತಗ್ಗಿ ನಡೆ,” ಎಂದೆ.

ಅಣ್ಣ ತಂಗಿಯ ಕಡೆ ತಿರುಗಿದ. “ಸರಿ ಓದ್ಯಾನೇನು?”

ಅವಳು ಚೀಟಿಯನ್ನು ನೋಡಿದಳು. ನನ್ನನ್ನು ನೋಡಿದಳು. “ಹೂಂ. ಸರಿ ಐತಿ. ಬಿಡು ಅವರನ್ನ,” ಎಂದಳು.

ಕಾಲು ಕೊರಳಿನಿಂದ ಸರಿಯಿತು. ಬಸ್‌ಸ್ಟ್ಯಾಂಡಿನವರೆಗೆ ತೆವಳಿದಂತೆ ನಡೆದೆ. ನಾಚಿಕೆಗೇಡಿ ನಾನು, ನೋವಿನ ನಡುವೆಯೂ ಗೆದ್ದೆ ಎನಿಸಿತು. ದಡ್ಡಿ ಕಡೆಗೂ ದಡ್ಡಿಯೇ ಎಂದುಕೊಂಡೆ.

ಕಿವಿಯಲ್ಲಿ ಕೀವಾಗಿ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಮಲಗಿದೆ. ಅಯ್ನೋರು ನೋಡಲು ಬಂದರು. ಅವರಿಗೆ ಎಲ್ಲ ಗೊತ್ತಿತ್ತು, ಚೀಟಿಯ ವಿಷಯ ಒಂದನ್ನು ಬಿಟ್ಟು. ನಾನು ಎಂದಿನಂತೆ ಅತ್ತು, “ಈ ಹೊಸ ವರ್ಷಕ್ಕ ದೇವರಿಗೆ ಮಾತು ಕೊಡ್ತೀನ್ರಿ, ಇನ್ನ ಕೈ ಎತ್ತೂದಿಲ್ಲ,” ಎಂದೆ.

“ಬ್ಯಾಡ,” ಎಂದರು ಅವರು. ನನ್ನ ಮೇಲೆ ಅಸಹ್ಯ ಪಟ್ಟದ್ದು ದನಿಯಲ್ಲಿ ಕೇಳುತ್ತಿತ್ತು. “ಪ್ರತಿ ವರ್ಷ ನೀನs ಆತಗ ಮಾತು ಕೊಡ್ತಿ. ನಿನ್ನ ಮಾತು ತಗೊಂಡು ಆತ ಏನ್ ಮಾಡ್ಬೇಕು? ಒಂದ್ ಸಲ ಆತನ ಮಾತು ನೀ ತಗೊ.”

ಆಗ ಅದು ನನಗೆ ತಿಳಿಯಲಿಲ್ಲ. ಕೇಳದ ಕಿವಿಯ ಕಡೆ ಕೂತು ಹೇಳಿದ್ದರಿಂದ ಅರ್ಧ ಕೇಳಿಸಿದ್ದೇ ಹೆಚ್ಚು.

ಮತ್ತೆ ಜನವರಿ ಒಂದು ಬಂತು. ಆರಾಧನೆಗೆ ಹೋದೆ, ಕೊನೆಯ ಚಾಪೆಯಲ್ಲಿ ಕೂತೆ. ಹೆಂಗಸರ ಕಡೆ ಅವಳಿದ್ದಳು. ಬಾಗಿಲಲ್ಲಿ ಅವಳ ಅಣ್ಣ ಕೈಕಟ್ಟಿ ನಿಂತಿದ್ದ. ಚೆಂಬು ಎಲ್ಲರ ಮುಂದೆ ಬಂತು. ಎಲ್ಲ ಎತ್ತಿ ಆದಮೇಲೆ ಜನ ಅಭ್ಯಾಸಬಲದಿಂದ ಬೇವಿನ ಮರದ ಕೆಳಗೆ ನನ್ನ ಸುತ್ತ ಸೇರಿದರು. ನನ್ನ ಬಗ್ಗೆ ಏನೇ ಆಡಿಕೊಂಡರೂ ಓದಲು ಅವರಿಗೆ ನಾನೇ ಗತಿ. ನಾಲ್ಕು ಚೀಟಿ ಓದಿದೆ. ಐದನೆಯದು ಒಬ್ಬ ಮುದುಕಿಯದು. ಕೈ ಚಾಚಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಹೆಂಡತಿಯೂ ಕೈ ಚಾಚಿದಳು, ಮುದುಕಿ ಚೀಟಿಯನ್ನು ಅವಳ ಕೈಗೆ ಕೊಟ್ಟಳು.

ಅವಳು ಬಿಡಿಸಿದಳು. ತುಟಿ ಕುಣಿದವು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ತೊದಲುತ್ತ, ಮತ್ತೆ ಹಿಂದಕ್ಕೆ ಹೋಗಿ ಕೂಡಿಸುತ್ತ ಓದಿದಳು: “ಮುಪ್ಪಿ-ನಲ್ಲೂ... ನಿನ್ನನ್ನು... ಹೊರು-ತ್ತೇನೆ.” ನಾನು ಇಣುಕಿ ನೋಡಿದೆ. ಒಂದಕ್ಷರ ತಪ್ಪಿರಲಿಲ್ಲ.

ಯಾವಾಗ ಕಲಿತಳು? ಲೆಕ್ಕ ಹಿಂದಕ್ಕೆ ಓಡಿತು, ಕ್ವಾರಿಯ ತನಕ.

ಅವಳು ಸೆರಗಿನ ಗಂಟಿನಿಂದ ಹಳೆಯ ಚೀಟಿ ತೆಗೆದಳು. ಹಿಂದೆ ಇನ್ನೂ ಸುಣ್ಣದ ಚಕ್ಕೆ ಅಂಟಿತ್ತು. “ಇದನ್ನ ಓದ್ರಿ. ಎಲ್ಲಾರಿಗೂ ಕೇಳಂಗ.”

ಅವಳ ಅಣ್ಣ ಮರದ ಹತ್ತಿರ ಬಂದ. ಸುತ್ತಿಗೆ ಇರಲಿಲ್ಲ, ಆ ಕೈಗಳಿಗೆ ಬೇಕಾಗಿಯೂ ಇರಲಿಲ್ಲ. ಅವನಿಗಿಂತ ಹೆಚ್ಚು ನನಗೆ ಹೆದರಿಕೆಯಾದದ್ದು ಆ ಕೆಂಪು ಅಕ್ಷರಗಳಿಗೆ.

“ನಿನ್ನ ಕಣ್ಣೀರು ನಾನು ನೋಡಿದೆ,” ಎಂದು ಓದಿ ನಿಂತೆ.

“ಪೂರ್ತಿ ಓದ್ರಿ.”

“ಎದ್ದು ನಿಲ್ಲು.”

ಮೊದಲು ಬಾಯಿ ಬಿಟ್ಟವನು ಅವಳ ಅಣ್ಣ. ನನಗಲ್ಲ, ಅವಳಿಗೆ. “ಅವತ್ತು ಸರಿ ಐತಿ ಅಂದೆಲ್ಲಬೇ? ನಿನಗ ಗೊತ್ತಿದ್ದಿಲ್ಲೇನು?”

“ಗೊತ್ತಿತ್ತು. ಇವರು ಊದುಗೊಳವಿಲೆ ಹೊಡೆದ ದಿನಾನs ಗೊತ್ತಾತು. ದಡ್ಡಿ ಕೇಳಿದ ಮಾತಿಗೆ ಯಾರೂ ಹಂಗ ಹೊಡಿಯೂದಿಲ್ಲ. ಗ್ವಾಡಿ ಆಚೆ ಕುಂತು ಕೇಳಿದ ಕಾಗುಣಿತ ನೆನಪಿತ್ತು, ಊರಿಗೆ ಬಂದು ಸಾಲಿ ಹುಡುಗರ ಪಾಟಿ ನೋಡಿ ಉಳಿದ ಅಕ್ಷರ ಕೂಡಿಸಿದೆ.” ಅವಳು ಅಣ್ಣನ ಕೈ ಹಿಡಿದಳು. “ಅವತ್ತು ಖರೇ ಅಂದಿದ್ರ ನೀ ಕೊಲ್ತಿದ್ದಿ. ಜೇಲಿಗೆ ಹೋಗ್ತಿದ್ದಿ.” ಆಮೇಲೆ ನನ್ನ ಕಡೆ ತಿರುಗಿದಳು. “ನಿಮ್ಮ ಸಲುವಾಗಿ ಅಲ್ರಿ ನಾ ಸುಳ್ಳು ಹೇಳಿದ್ದು. ಆದ್ರ ನೀವೂ ಬದುಕಿದ್ರಿ. ಅದೂ ಇರಲಿ.”

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

“ಎಂಟು ತಿಂಗಳು,” ಎಂದಳು, ಈಗ ಅವಳ ದನಿ ಒಡೆಯಿತು, “ಎಂಟು ತಿಂಗಳು ದಿನಾ ಒಲಿ ಮುಂದ ಕುಂತು ನೀವು ಹೇಳಿದ ಮಾತನ್ನ ಆ ಅಕ್ಷರದ ಮ್ಯಾಲ ಇಟ್ಟು ನೋಡಿದೆ. ಕೂಡ್ತಿದ್ದಿಲ್ಲ. ಖರೇನs ನನ್ನ ತಲಿ ಕಲ್ಲು ಅಂತ ತಿಳಕೊಂಡು ಅತ್ತೆ. ಕೈ ಮುರಿದದ್ದು ಕೂಡತೈತ್ರಿ. ಇದನ್ನ ಯಾರ್ ಕೂಡಸ್ತಾರ?”

ನಾನು ಕೂತುಬಿಟ್ಟೆ, ಬೇವಿನ ಬೇರಿನ ಮೇಲೆ, ಅದೇ ಕೋಟಿನಲ್ಲಿ. ಅಳು ಬರಲಿಲ್ಲ. ಅಳು ನನ್ನ ಹಳೆಯ ಚಾಳಿ, ಅದರ ಮೇಲೆ ನನಗೇ ನಂಬಿಕೆ ಹೋಗಿತ್ತು. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಸುತ್ತಿಗೆಯ ಕೆಳಗೆ ಬಿದ್ದುಕೊಂಡು ನಾನು ಸುಳ್ಳು ಓದುವಾಗ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ‘ಬಿಡು ಅವರನ್ನ’ ಎಂದಳು. ನನ್ನ ಶಪಥದಿಂದಲ್ಲ, ನನ್ನ ಒಳ್ಳೆಯತನದಿಂದಲ್ಲ, ನನ್ನ ಸಲುವಾಗಿಯೂ ಅಲ್ಲ. ಆದರೂ ನನ್ನ ತಲೆ ಭುಜದ ಮೇಲಿತ್ತು. ಕೃಪೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೆ, ಹಾಡಿದ್ದೆ, ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಅದು ಇಷ್ಟು ಹೆದರಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ಜೇಬಿಗೆ ಕೈ ಹಾಕಿದರೆ ಹೋದ ವರ್ಷದ ನನ್ನ ಚೀಟಿ ಅಲ್ಲಿಯೇ ಇತ್ತು. ‘ನಾನೇ ಕೊಡುತ್ತೇನೆ.’ ಆ ‘ನಾನೇ’ಯನ್ನು ನಾನು ಓದಿಯೇ ಇರಲಿಲ್ಲ.

ಆ ದಿನ ಅವಳು ನನ್ನ ಜೊತೆ ಬರಲಿಲ್ಲ. ಅಣ್ಣನ ಜೊತೆ ಕುರುಗೋಡಿಗೇ ಹೋದಳು. ಯುಗಾದಿ ಕಳೆದ ಮೇಲೆ ಬಂದಳು. ಬಂದವಳೇ ಶಾಲೆಯ ಬೆತ್ತವನ್ನು ಮುರಿದು ಒಲೆಗೆ ಹಾಕಿ ಅದರ ಮೇಲೆ ಅನ್ನಕ್ಕಿಟ್ಟಳು. “ಇನ್ನೊಂದು ಸಲ ಕೈ ಎತ್ತಿದ್ರ ಚೀಟಿ ಹಿಡಕೊಂಡು ಬರೂದಿಲ್ಲ, ಅಣ್ಣನ್ನ ಕರಕೊಂಡು ಬರ್ತೀನಿ,” ಎಂದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಪೂರ್ತಿ ಹೋಯಿತು ಎಂದು ನಾನು ಹೇಳಲಾರೆ. ಎರಡು ವರ್ಷದ ನಂತರ ಒಮ್ಮೆ ಕೈ ಮೇಲೆ ಹೋಯಿತು. ಅವಳು ಓಡಲಿಲ್ಲ, ತಲೆಗೆ ಕೈ ಅಡ್ಡ ಹಿಡಿಯಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಎದ್ದು ನಿಂತಳು. ಕೈ ತಾನಾಗಿ ಇಳಿಯಿತು, ಮತ್ತೆ ಮೇಲೆ ಹೋಗಲಿಲ್ಲ. ಹೊಸ ವರ್ಷಕ್ಕೆ ಶಪಥ ಮಾಡುವುದನ್ನು ಮಾತ್ರ ಬಿಟ್ಟೆ.

ಈಗ ಬೇವಿನ ಮರದ ಕೆಳಗೆ ಚೀಟಿ ಓದುವವಳು ಅವಳು. ಮನೆಯಲ್ಲಿ ದಿನವೂ ಬೆಳಿಗ್ಗೆ ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಾಳೆ. ಬಲಗಡೆ ಜಾಗವಿದ್ದರೂ ಬೇಕೆಂದೇ ನನ್ನ ಎಡಗಡೆ ಕೂರುತ್ತಾಳೆ, ಕೇಳದ ಕಿವಿಯ ಕಡೆ. ಈಚೆಗೆ ಬಂದು ಕೂರು ಎಂದು ಒಮ್ಮೆ ಕೇಳಿಕೊಂಡೆ.

“ನಾ ಯಾಕ ಬರ್ಲಿ? ಬೇಕಾದ್ರ ನೀವs ತಿರುಗ್ರಿ,” ಎಂದಳು.

ತಿರುಗುತ್ತೇನೆ. ದಿನವೂ.